ಜಡೆ ಸಿಕ್ಕಿತು, ತಲೆ ಉಳಿಯಿತು

ಬಂಡೆ ಹತ್ತುವುದು ಕಷ್ಟವೆಂದರೆ ಒಪ್ಪುತ್ತೇನೆ. ಇಳಿಯುವುದರಲ್ಲಿ ಏನು ಮಹಾ? ಭೂಮಿಯೇ ಎಳೆದುಕೊಳ್ಳುತ್ತದೆ, ನಾವು ಸುಮ್ಮನೆ ಒಪ್ಪಿಕೊಂಡರೆ ಸಾಕು. ಕಳೆದ ಚಳಿಗಾಲದವರೆಗೆ ನಾನು ಹೀಗೆಯೇ ನಂಬಿದ್ದೆ.

ಶಿರಸಿಯಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿಯಿದೆ. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂಬುದು ಈ ಬರಹಕ್ಕೆ ಸಂಬಂಧಪಟ್ಟ ವಿಷಯವಲ್ಲ. ಸಂಬಂಧಪಟ್ಟದ್ದು ನನ್ನ ಜಡೆ. ಮೊಣಕಾಲು ಮುಟ್ಟುವ ಜಡೆ! ಮದುವೆಮನೆಗಳಲ್ಲಿ ನನ್ನ ಹೆಸರು ಮರೆತವರು ಕೂಡ ‘ಆ ಜಡೆಯವಳು’ ಎಂದರೆ ಗುರುತು ಹಿಡಿಯುತ್ತಿದ್ದರು. ಅದನ್ನು ಸುತ್ತಿ ತುರುಬು ಕಟ್ಟಿದರೆ ತಲೆಯ ಹಿಂದೆ ಇನ್ನೊಂದು ತಲೆ ಇದ್ದ ಹಾಗೆ ಕಾಣುತ್ತಿತ್ತು. ಮುಂದಿನ ತಲೆಯಲ್ಲಿ ಏನಿದೆಯೆಂದು ಯಾರೂ ಕೇಳಿದ್ದಿಲ್ಲ.

ಬೆಳಗಿನ ವಾಕಿಂಗಿನ ಗೆಳತಿ ಸುಲೋಚನಾ ಒಂದು ದಿನ ಸುದ್ದಿ ತಂದಳು. ಯಲ್ಲಾಪುರದ ಆಚೆ, ಕಿರವತ್ತಿಯಿಂದ ಒಳಗೆ ಒಂದು ದೊಡ್ಡ ಬಂಡೆಯಿದೆ, ಅಲ್ಲಿ ಹೆಂಗಸರಿಗೆಂದೇ ಸಾಹಸ ಶಿಬಿರ ಮಾಡುತ್ತಾರೆ ಎಂದಳು.

“ಹಗ್ಗ ಕಟ್ಟಿ ಬಂಡೆ ಇಳಿಸ್ತ್ವಡ. ಬತ್ಯನೇ ಸಾವಿತ್ರಿ?”

“ಆನು ಬತ್ತೆ! ಇಳಿಯದು ಎಂತ ಕಷ್ಟ?” ಎಂದೆ.

ಮನೆಯಲ್ಲಿ ವಿಷಯ ಹೇಳಿದೆ. ನಮ್ಮನೆಯವರ ಕಣ್ಣು ಮಿಂಚಿತು. ಅವರು ಕಾಲೇಜಿನ ದಿನಗಳಲ್ಲಿ ಬಂಡೆ ಹತ್ತುವ ತಂಡದಲ್ಲಿದ್ದವರು. ಅದಕ್ಕೆ ಸಾಕ್ಷಿಯಾಗಿ ಒಂದು ಹಳೆಯ ಫೋಟೋ ಇದೆ. ಮೂವರು ಹುಡುಗರು ಬಂಡೆಯ ತುದಿಯಲ್ಲಿ ನಿಂತಿದ್ದಾರೆ, ಕೂದಲು ಗಾಳಿಗೆ ಹಾರುತ್ತಿದೆ. ಅವರಲ್ಲಿ ನಮ್ಮನೆಯವರು ಯಾರೆಂದು ಈಗ ಕೂದಲು ನೋಡಿ ಕಂಡುಹಿಡಿಯುವುದು ಸಾಧ್ಯವಿಲ್ಲ.

“ಹೆಲ್ಮೆಟ್ ಕೊಡ್ತ್ವಡ,” ಎಂದೆ.

ಅವರು ನಕ್ಕರು. “ಆಗ ಹೆಲ್ಮೆಟ್ ಹಾಕ್ಯಂಡು ಬಂದವಂಗೆ ನಂಗ ಎಲ್ಲ ಸೇರಿ ‘ಗಡಿಗೆ’ ಹೇಳಿ ಅಡ್ಡಹೆಸರು ಇಟ್ಟಿದ್ಯ. ಧೈರ್ಯ ಇದ್ದವಂಗೆ ಗಡಿಗೆ ಎಂತಕ್ಕೆ?”

ಈ ಧೈರ್ಯವನ್ನು ನಾನು ದಿನಾ ನೋಡುತ್ತೇನೆ. ಅವರು ಸ್ಕೂಟರ್ ಹತ್ತಿದರೆ ಹೆಲ್ಮೆಟ್ಟೂ ಹೊರಡುತ್ತದೆ, ಆದರೆ ತಲೆಯ ಮೇಲಲ್ಲ, ಮೊಣಕೈಗೆ ಸಿಕ್ಕಿಸಿಕೊಂಡು. ಪೊಲೀಸರು ಕಂಡ ಕೂಡಲೇ ಅದು ತಲೆಗೇರುತ್ತದೆ, ಅವರು ಮರೆಯಾದ ಕೂಡಲೇ ಮೊಣಕೈಗೆ ಇಳಿಯುತ್ತದೆ. ದೇವರು ಇವರ ಮಿದುಳನ್ನು ಮೊಣಕೈಯಲ್ಲಿ ಇಟ್ಟಿದ್ದಾನೋ ಏನೋ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದದ್ದಿದೆ.

ಫೋಟೋ ತೆಗೆಯುವ ನೆಪದಲ್ಲಿ ಅವರೂ ನಮ್ಮೊಂದಿಗೆ ಹೊರಟರು.

ಬಂಡೆಯನ್ನು ದೂರದಿಂದ ನೋಡಿದಾಗ ಮಲಗಿದ ಎಮ್ಮೆಯ ಹಾಗೆ ಸೌಮ್ಯವಾಗಿತ್ತು. ಬುಡಕ್ಕೆ ಹೋಗಿ ನಿಂತಾಗ ಎಮ್ಮೆ ಎದ್ದು ನಿಂತಿತು! ಅಲ್ಲಿ ನಮ್ಮನ್ನು ಬರಮಾಡಿಕೊಂಡವಳು ತರಬೇತಿ ಕೊಡುವ ರೇಣುಕಾ. ಮುಂಡಗೋಡ ಕಡೆಯವಳು, ನಲವತ್ತರ ಆಸುಪಾಸು. ತೆಳ್ಳಗಿನ ಮೈ, ಗಂಟೆಯಂಥ ದನಿ. ಕೆಂಪು ಹೆಲ್ಮೆಟ್ಟುಗಳ ರಾಶಿಯ ಪಕ್ಕ ನಿಂತು ಅವಳು ಮೊದಲು ಹೇಳಿದ ಮಾತು ಇದು:

“ಎಲ್ಲಾರೂ ತಲೀಗೆ ಹಾಕ್ಕೋರಿ. ಹಗ್ಗಾ ಆಮ್ಯಾಲೆ. ಕೆಳಗ ನಿಂತು ನೋಡೋರೂ ಹಾಕ್ಕೋಬೇಕ್ರಿ, ಇಲ್ಲಾಂದ್ರ ಆ ಮರದ ಆಚೆ ನಿಲ್ಲಬೇಕು.”

ನಮ್ಮನೆಯವರು ಮುಗುಳ್ನಕ್ಕು ಮರದ ಆಚೆ ಹೋದರು. ಗಡಿಗೆಗಿಂತ ಮರವೇ ವಾಸಿ!

ನಾನು ವಿಧೇಯಳಾಗಿ ಹೆಲ್ಮೆಟ್ ಎತ್ತಿಕೊಂಡೆ. ಆಗ ತಿಳಿಯಿತು, ಅದನ್ನು ಒಂದೇ ತಲೆಯವರಿಗೆ ಮಾಡಿದ್ದಾರೆ. ಹಿಂದಕ್ಕೆ ಎಳೆದರೆ ತುರುಬು ತಡೆಯಿತು. ಮುಂದಕ್ಕೆ ಎಳೆದರೆ ಕಣ್ಣು ಮುಚ್ಚಿತು. ಕೊನೆಗೆ ತುರುಬನ್ನೇ ನೆತ್ತಿಗೇರಿಸಿ, ಅದರ ಮೇಲೆ ಹೆಲ್ಮೆಟ್ ಪ್ರತಿಷ್ಠಾಪನೆ ಮಾಡಿ ಗಲ್ಲದ ಪಟ್ಟಿ ಹಾಕಿದೆ. ರೇಣುಕಾ ಬಂದು ನೋಡಿದಳು. ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಹೆಲ್ಮೆಟ್ ಕಿವಿಯ ಮೇಲೆ ವಾಲಿತು.

“ಇದು ಕಳಸದ ಮ್ಯಾಲೆ ತೆಂಗಿನಕಾಯಿ ಇಟ್ಟಂಗ ಆಗೇತ್ರಿ. ತುರುಬು ಬಿಚ್ರಿ. ಜಡಿ ಹಾಕ್ಕೊಂಡು ಅಂಗಿ ಒಳಗ ಸೇರಿಸ್ರಿ. ಹೊರಗ ಬಿಡಬ್ಯಾಡ್ರಿ, ಹಗ್ಗದಾಗ ಸಿಗತೈತಿ.”

“ಇಷ್ಟು ವರ್ಷ ಈ ಜಡೆ ಎಲ್ಲೂ ಸಿಕ್ಕಿದ್ದಿಲ್ಲೆ,” ಎಂದೆ ಕೊಂಚ ಬಿಗುಮಾನದಿಂದ.

“ಇಷ್ಟು ವರ್ಷ ನೀವು ಹಗ್ಗಕ್ಕೂ ಜೋತು ಬಿದ್ದಿಲ್ಲಲ್ರಿ,” ಎಂದಳು ಅವಳು.

ಜಡೆಯನ್ನು ಕುರ್ತಾದ ಬೆನ್ನೊಳಗೆ ಇಳಿಬಿಟ್ಟೆ. ಬೆನ್ನಿನೊಳಗೆ ಹಾವು ಮಲಗಿಸಿಕೊಂಡ ಹಾಗಾಯಿತು. ಹಿಂದಿನ ಕಾಲುದಾರಿಯಿಂದ ಬಂಡೆಯ ನೆತ್ತಿಗೆ ಹತ್ತಿದೆವು. ಸುಲೋಚನಾ ಮೊದಲು ಇಳಿದಳು. ಇಳಿಯುವಾಗ ಅವಳು ಕರೆಯದೆ ಬಿಟ್ಟ ದೇವರಿಲ್ಲ. ಆದರೂ ಸರಾಗವಾಗಿ ಇಳಿದು ಕೆಳಗಿನಿಂದ ಕೈ ಬೀಸಿದಳು.

ನನ್ನ ಸರದಿ ಬಂತು. ಸೊಂಟಕ್ಕೆ ಪಟ್ಟಿ, ಪಟ್ಟಿಯ ಮುಂದೆ ಎಂಟರ ಆಕಾರದ ಒಂದು ಲೋಹದ ಬಳೆ. ಹಗ್ಗ ಅದರೊಳಗೆ ಸುತ್ತಿ ಹೊರಗೆ ಬರುತ್ತದೆ, ನಾವು ಬಿಟ್ಟಷ್ಟೂ ಜಾರುತ್ತದೆ. ಜೋಪಾನಕ್ಕೆಂದು ಇನ್ನೊಂದು ಹಗ್ಗವನ್ನು ಮೇಲಿನವರು ಹಿಡಿದಿರುತ್ತಾರೆ. ನಾನು ಬಂಡೆಯ ಅಂಚಿನಲ್ಲಿ ಇಳಿಜಾರಿಗೆ ಬೆನ್ನು ಮಾಡಿ ನಿಂತೆ.

ಆಗಲೇ ಮರದ ಆಚೆಯಿಂದ ನಮ್ಮನೆಯವರ ಕೂಗು ಕೇಳಿತು. “ಸಾವಿತ್ರೀ, ಫೋಟೋ ತೆಗಿತೆ! ಇತ್ಲಾಗೆ ನೋಡೇ!”

ಈ ಫೋಟೋ ವಾಟ್ಸಾಪಿನಲ್ಲಿ ಸಿದ್ದಾಪುರದ ನನ್ನ ಅತ್ತಿಗೆಯವರೆಗೆ ತಲುಪುವುದು ಖಚಿತ. ಕೆಂಪು ಹೆಲ್ಮೆಟ್ಟಿನ ಕೆಳಗಿರುವುದು ನಾನೇ ಎಂದು ಜಡೆಯಿಲ್ಲದೆ ಅವರಿಗೆ ತಿಳಿಯುವುದು ಹೇಗೆ? ರೇಣುಕಾ ಗಂಟು ಪರೀಕ್ಷಿಸಲು ಆಚೆ ತಿರುಗಿದ ಹೊತ್ತು ನೋಡಿ ಜಡೆಯನ್ನು ಹೊರಗೆಳೆದು ಎದೆಯ ಮೇಲೆ ಹಾಕಿಕೊಂಡೆ. ಮರದ ಕಡೆ ಹೊರಳಿ ನಕ್ಕೆ. ಇಳಿದೆ.

ಮೊದಲಿನ ಕೆಲವು ಹೆಜ್ಜೆ ಅದ್ಭುತ! ಕಾಲು ಅಗಲಿಸಿ, ಬೆನ್ನು ಹಿಂದೆ ಒರಗಿಸಿ, ಮಹಾರಾಣಿಯ ಹಾಗೆ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಕುತ್ತಿಗೆ ಯಾಕೋ ಮುಂದೆ ಬಾಗತೊಡಗಿತು. ನಾನೇ ವಿನಯದಿಂದ ಬಾಗುತ್ತಿದ್ದೇನೆ ಎಂದುಕೊಂಡೆ. ಆಮೇಲೆ ನೋಡಿದರೆ ಜಡೆಯ ತುದಿ ಹಗ್ಗದ ಜೊತೆ ಬಳೆಯೊಳಗೆ ಹೊಕ್ಕಿತ್ತು. ಇನ್ನೊಂದು ಗೇಣು ಇಳಿದೆ, ಇನ್ನೊಂದು ಗೇಣು ಜಡೆ ಒಳಗೆ ಹೋಯಿತು. ಗಲ್ಲ ಸೊಂಟದ ಕಡೆಗೆ ಹೊರಟಿತು. ಅಲ್ಲಿಗೆ ನಿಂತೆ.

“ಎಂತ ಆತೇ?” ಕೆಳಗಿನಿಂದ ಸುಲೋಚನಾ.

“ಜಡೆ!”

“ಎಂತ? ಕೇಳ್ತಿಲ್ಲೆ!”

“ಜಡೇ!”

“ಹೆದರಡ, ನಿನ್ನ ಜಡೆ ಚೊಲೋ ಕಾಣ್ತಾ ಇದ್ದು!” ಎಂದು ಧೈರ್ಯ ಹೇಳಿದಳು.

ಎಳೆದರೆ ತಲೆಯ ಚರ್ಮವೇ ಕಿತ್ತು ಬರುವಷ್ಟು ನೋವು. ಕಣ್ಣಲ್ಲಿ ನೀರು. ನಗು, ಫೋಟೋ, ಅತ್ತಿಗೆ ಎಲ್ಲವೂ ಮರೆತುಹೋಯಿತು. ನಿಜ ಹೇಳುತ್ತೇನೆ, ಆಗ ನನಗೆ ಸಾವಿನ ಭಯ ಆಯಿತು. ಮೇಲಿನಿಂದ ರೇಣುಕಾಳ ದನಿ ಕೇಳಿತು. “ಮೇಲಿನ ಹಗ್ಗ ಹಿಡದೀವ್ರಿ. ನೀವು ಬೀಳಂಗಿಲ್ಲ. ನಾ ಬರ್ತೀನಿ, ಅಲ್ಲೇ ಇರ್ರಿ.”

ಬೇರೆಲ್ಲಿಗಾದರೂ ಹೋಗುವ ಅನುಕೂಲ ನನಗಿರಲಿಲ್ಲ.

ಅಷ್ಟರಲ್ಲಿ ನಮ್ಮನೆಯವರು ಕ್ಯಾಮೆರಾ ಬಿಟ್ಟು, ಮರ ಬಿಟ್ಟು, ಬರಿದಲೆಯಲ್ಲಿ ಬಂಡೆಯ ಬುಡಕ್ಕೇ ಓಡಿ ಬಂದಿದ್ದರು. “ಕಾಲು ಗಟ್ಟಿ ಊರು! ಎಡಕ್ಕೆ ತಿರುಗು! ಅಲ್ಲ, ಬಲಕ್ಕೆ!” ಎಂದು ಕೂಗುತ್ತಿದ್ದರು. ನಾನು ಎಡಕ್ಕೂ ಬಲಕ್ಕೂ ಒದ್ದಾಡಿದೆ. ಹಗ್ಗ ಮೇಲೆ ಎಲ್ಲೋ ಉಜ್ಜಿತು.

ಟಕ್!

ಯಾರೋ ಬಾಗಿಲು ತಟ್ಟಿದ ಹಾಗೆ ನನ್ನ ನೆತ್ತಿಯ ಮೇಲೆ ಒಂದು ಸದ್ದು. ಹಲ್ಲು ಹಲ್ಲಿಗೆ ಬಡಿಯಿತು. ಮೇಲಿನಿಂದ ಬಿದ್ದ ಕಲ್ಲೊಂದು ಹೆಲ್ಮೆಟ್ಟಿಗೆ ಬಡಿದು, ಜಿಗಿದು, ಕೆಳಗೆ ನಮ್ಮನೆಯವರ ಪಾದದ ಪಕ್ಕ ಬಂದು ಬಿತ್ತು. ದೊಡ್ಡದೇನಲ್ಲ. ಲಿಂಬೆಹಣ್ಣಿನಷ್ಟಿತ್ತು. ಅವರು ಕೂಗುವುದನ್ನು ನಿಲ್ಲಿಸಿದರು. ಬಗ್ಗಿ ಕಲ್ಲನ್ನು ಎತ್ತಿಕೊಂಡು ನೋಡಿದರು. ನನ್ನ ತಲೆಯನ್ನು ನೋಡಿದರು. ಮತ್ತೆ ಕಲ್ಲನ್ನು ನೋಡಿದರು. ಹೋಗಿ ರಾಶಿಯಿಂದ ಒಂದು ಹೆಲ್ಮೆಟ್ ತೆಗೆದುಕೊಂಡು ಹಾಕಿಕೊಂಡರು. ಗಡಿಬಿಡಿಯಲ್ಲಿ ಹಿಂದುಮುಂದಾಗಿ ಹಾಕಿಕೊಂಡಿದ್ದರು. ನೇತಾಡುತ್ತಿದ್ದ ನಾನು ಅದನ್ನು ನೋಡಿದೆ. ನನಗೆ ನಗು ಬರಲಿಲ್ಲ. ಅವರು ಆ ಕಲ್ಲನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದುದು ಅಷ್ಟು ಮೇಲಿನಿಂದಲೂ ಕಾಣುತ್ತಿತ್ತು.

ರೇಣುಕಾ ಇನ್ನೊಂದು ಹಗ್ಗದಲ್ಲಿ ನನ್ನ ಪಕ್ಕಕ್ಕೆ ಇಳಿದು ಬಂದಳು. ಒಂದು ಪಟ್ಟಿಯನ್ನು ಕುಣಿಕೆಯ ಹಾಗೆ ಇಳಿಬಿಟ್ಟು, “ಇದರಾಗ ಕಾಲಿಟ್ಟು ಎದ್ದು ನಿಲ್ರಿ, ಭಾರ ಕಡಿಮಿ ಆದ್ರ ಜಡಿ ಬಿಡಸ್ತೀನಿ,” ಎಂದಳು. ನಾನು ಕಾಲಿಟ್ಟೆ. ಮೊದಲ ಸಲ ಕುಣಿಕೆ ತಪ್ಪಿತು. ಎರಡನೇ ಸಲ ಕಾಲು ಹೋಗಿ ರೇಣುಕಾಳ ಹೊಟ್ಟೆಗೆ ಬಡಿಯಿತು. ಮೂರನೇ ಸಲ ಇಬ್ಬರೂ ಬಂಡೆಗೆ ಬೆನ್ನು ಮಾಡಿ ತಿರುಗಿ ನಿಂತು ಯಲ್ಲಾಪುರದ ಕಾಡಿನ ದರ್ಶನ ಪಡೆದೆವು.

ಅವಳು ಉಸಿರು ಬಿಟ್ಟು ಪ್ರಥಮ ಚಿಕಿತ್ಸೆಯ ಚೀಲದಿಂದ ಮೊಂಡು ತುದಿಯ ಕತ್ತರಿ ತೆಗೆದಳು.

“ಅಯ್ಯೋ, ತುದಿ ಮಾತ್ರ!” ಎಂದು ಬೇಡಿಕೊಂಡೆ.

“ತುದಿ ಎಲ್ಲೈತ್ರಿ? ಒಳಗ ಹೋಗೇತಿ. ಹೊರಗ ಉಳದಿದ್ದು ಇಷ್ಟ.”

ಆ ‘ಇಷ್ಟ’ ಎಂಬುದು ಭುಜದ ಹತ್ತಿರವಿತ್ತು. ಕಚಕ್ ಕಚಕ್ ಎಂದಿತು. ಕತ್ತು ಒಮ್ಮೆಲೇ ಮೇಲೆದ್ದಿತು. ಎಷ್ಟೋ ವರ್ಷಗಳಿಂದ ಹೊತ್ತ ಹೊರೆ ಇಳಿಸಿದಂತೆ ತಲೆ ಹಗುರವಾಯಿತು. ಅಳು ಬಂತು. ಅಳುತ್ತಲೇ ಇಳಿದೆ. ನನ್ನ ಜೊತೆ ಬಳೆಯೊಳಗೆ ಸಿಕ್ಕ ಜಡೆಯೂ ಇಳಿಯಿತು.

ಕೆಳಗೆ ಬಂದ ಮೇಲೆ ಬೈಸಿಕೊಳ್ಳಲು ಸಿದ್ಧಳಾಗಿ ಕುಳಿತೆ. ರೇಣುಕಾ ಬೈಯಲಿಲ್ಲ. ನೀರು ಕೊಟ್ಟಳು. ನನ್ನ ಹೆಲ್ಮೆಟ್ ತೆಗೆದು ನೋಡಿ, ಬಿರುಕು ಬಿಟ್ಟ ಜಾಗವನ್ನು ಬೆರಳಿನಿಂದ ಮುಟ್ಟಿ, “ಇದನ್ನ ಇನ್ನ ಯಾರಿಗೂ ಕೊಡಂಗಿಲ್ಲ,” ಎಂದು ಬೇರೆ ಇಟ್ಟಳು. ಎಲ್ಲರೂ ನೆರಳಲ್ಲಿ ಕುಳಿತು ಅವಲಕ್ಕಿ ತಿನ್ನುವಾಗ ನಮ್ಮನೆಯವರು ಮೆಲ್ಲಗೆ ಕೇಳಿದರು. ಹೆಲ್ಮೆಟ್ ಇನ್ನೂ ಅವರ ತಲೆಯ ಮೇಲೇ ಇತ್ತು.

“ನೀವು ಮೊದ್ಲಿಂದನೂ ಹಾಕ್ತಿದ್ರಾ?”

“ಇಲ್ರಿ ಸರ್,” ಎಂದಳು ರೇಣುಕಾ. “ಆಗ ನಮ್ಮ ಗುಂಪಿನಾಗ ಹೆಲ್ಮೆಟ್ ಅಂದ್ರ ಹೊಸಬರಿಗೆ. ಚಲೋ ಹತ್ತೋರು ಹಾಕ್ಕೊಂಡ್ರ ಉಳದೋರು ನಗತಿದ್ರು. ಭಾಳಂದ್ರ ಮ್ಯಾಲಿಂದ ಕಲ್ಲು ಬೀಳೋ ಜಾಗಾದಾಗ ಹಾಕ್ಕೋಬೇಕು ಅಂತಿದ್ವಿ. ಬಸವರಾಜ ಅಂತ ನನ್ನ ಜೋಡಿ ಹತ್ತತಿದ್ದ. ಅವತ್ತು ಒಂದೂ ಕಲ್ಲು ಬೀಳ್ಲಿಲ್ರಿ. ಅವನ ಕಾಲು ಜಾರಿತು, ಹಗ್ಗಾ ಕಾಲಿನ ಹಿಂದ ಸಿಕ್ಕು ತಲಿಕೆಳಗಾದ. ಹಗ್ಗಾ ಹಿಡೀತು. ಆದ್ರ ಹಿಂದಲೆ ಬಂಡೆಗಲ್ಲಿಗೆ ಬಡೀತು.”

“ಈಗ?” ಎಂದಳು ಸುಲೋಚನಾ.

“ಅದಾನ್ರಿ. ನಡೀತಾನ, ಉಣ್ತಾನ, ನಗತಾನ. ನಾ ಹೋದ್ರ ‘ರೇಣುಕಾ, ಚಾ ಕುಡದೇನು?’ ಅಂತಾನ. ಕುಡೀತೀನಿ. ಸ್ವಲ್ಪ ಹೊತ್ತಿಗೆ ಮತ್ತ ‘ಚಾ ಕುಡದೇನು?’ ಅಂತಾನ. ಅವಗ ನೆನಪು ನಿಲ್ಲಂಗಿಲ್ರಿ. ನಾ ‘ಇಲ್ಲ’ ಅಂತೀನಿ. ಎಷ್ಟು ಸಲ ಕೇಳಿದ್ರೂ ಮತ್ತ ಕುಡೀತೀನಿ.”

ನಮ್ಮನೆಯವರು ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟರು. “ಆ ಗಡಿಗೆಯವ ಈಗ ಎಲ್ಲಿದ್ನೇನ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಇಷ್ಟು ಜನ ಇಷ್ಟು ಕಾಲ ತಲೆಯನ್ನು ಬಿಟ್ಟುಕೊಟ್ಟದ್ದು ಬಂಡೆಯ ಭಯಕ್ಕಲ್ಲ, ಪಕ್ಕದವರ ನಗುವಿನ ಭಯಕ್ಕೆ. ಹೆಲ್ಮೆಟ್ ಹಾಕಿದವನಿಗೆ ಅಡ್ಡಹೆಸರು ಇಡುವುದು ನಿಂತ ದಿನ ಹೆಲ್ಮೆಟ್ ತಾನಾಗಿಯೇ ತಲೆಗೇರಿತು. ಈಗಿನವರು ಶಿಬಿರಕ್ಕೆ ಬಂದ ಕೂಡಲೇ ‘ನನ್ನ ಅಳತೆಯದು ಎಲ್ಲಿದೆ’ ಎಂದು ಕೇಳುತ್ತಾರಂತೆ. ಇನ್ನು ನನ್ನ ಪಾಡು? ಹೆಲ್ಮೆಟ್ ಹಾಕಿಯೂ ಅತ್ತಿಗೆಗೆ ಜಡೆ ತೋರಿಸಲು ಹೋಗಿ ಪ್ರಾಣ ನೇತುಹಾಕಿಕೊಂಡವಳು. ಹೆಲ್ಮೆಟ್ ತಲೆಯನ್ನು ಕಾಯುತ್ತದೆ. ತಲೆಯೊಳಗಿನ ಜಂಬವನ್ನು ಕಾಯುವುದು ಅದರ ಕೆಲಸವಲ್ಲ.

ಊರಿಗೆ ಬಂದ ಮೇಲೆ ಅಂಗಡಿಗೆ ಬಂದವರೆಲ್ಲ, “ತಿರುಪತಿಗೆ ಹೋಗಿದ್ರಾ?” ಎಂದು ಕೇಳಿದರು. ಮೊದಮೊದಲು ನಾಚಿಕೆಯಾಯಿತು. ಆಮೇಲೆ ಒಬ್ಬೊಬ್ಬರನ್ನೂ ಕೂರಿಸಿ ಕಥೆ ಹೇಳಿದೆ. ಬ್ಲೌಸಿನ ಅಳತೆ ಕೊಡಲು ಬಂದವರಿಗೆ ಹೆಲ್ಮೆಟ್ಟಿನ ಉಪನ್ಯಾಸ ಉಚಿತ! ನಮ್ಮನೆಯವರು ಮಾತ್ರ ಏನೂ ಹೇಳುವುದಿಲ್ಲ. ಸ್ಕೂಟರ್ ಹತ್ತುವ ಮೊದಲು ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ನನ್ನದನ್ನೂ ಎಳೆದು ನೋಡುತ್ತಾರೆ. ಆಮೇಲೆಯೇ ಕೀಲಿ ತಿರುಗಿಸುತ್ತಾರೆ.

ಮೊನ್ನೆ ಸುಲೋಚನಾಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಂಗಳದಲ್ಲಿ ಸ್ಕೂಟರಿನಿಂದ ಇಳಿಯುತ್ತಿದ್ದಂತೆಯೇ ಅವಳ ನೆಂಟರೊಬ್ಬರು ನನ್ನ ಹತ್ತಿರ ಬಂದು ಬಂಡೆಯ ಸುದ್ದಿ ಕೇಳಿದರು. ಇನ್ನೇನು ಬೇಕು! ಹೇಳುತ್ತ ಹೇಳುತ್ತ ಮೆಟ್ಟಿಲು ಹತ್ತಿದೆ, ಜಗಲಿ ದಾಟಿದೆ, ಹೆಂಗಸರ ಸಾಲಿನಲ್ಲಿ ಕುಳಿತೆ. ತಲೆಯ ಸುರಕ್ಷತೆ ಎಂಬುದು ಎಷ್ಟು ಮುಖ್ಯ ಎಂದು ಗಂಭೀರವಾಗಿ ವಿವರಿಸುತ್ತಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಮಾತಿಗೆ ಇಷ್ಟು ಬೆಲೆ ಬಂತಲ್ಲ ಎಂದು ಉಬ್ಬಿದೆ.

ಸುಲೋಚನಾ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನನ್ನ ಮುಂದೆ ಬಂದಳು. ಕುಂಕುಮದ ಬೆರಳು ಎತ್ತಿದವಳು ಅಲ್ಲೇ ನಿಂತಳು.

“ಸಾವಿತ್ರೀ, ಹೆಲ್ಮೆಟ್ ತೆಗಿ ಮಾರಾಯ್ತಿ. ನಮ್ಮನೆ ಮಾಡಿನ ಹಂಚು ಗಟ್ಟಿ ಇದ್ದು!”

ಮನೆಯೆಲ್ಲ ನಗು. ಭಟ್ಟರ ಮಂತ್ರವೂ ಅರ್ಧಕ್ಕೆ ನಿಂತಿತು. ತೆಗೆಯೋಣವೆಂದರೆ ನಮ್ಮನೆಯವರು ಪ್ರೀತಿಯಿಂದ ಬಿಗಿದ ಪಟ್ಟಿಯ ಗುಂಡಿ ಬಿಡಿಸಲು ಬರುತ್ತಿಲ್ಲ! ಗಂಡಸರ ಸಾಲಿನಲ್ಲಿ ಕುಳಿತ ಅವರು ಯಾವುದೋ ಅಪರಿಚಿತ ಹೆಂಗಸನ್ನು ನೋಡುವ ಹಾಗೆ ನನ್ನನ್ನು ನೋಡಿ ಮುಖ ತಿರುಗಿಸಿದರು.

ಮುಖದ ಗಾಜು ಮೇಲೆತ್ತಿ ಪ್ರಸಾದ ತಿಂದೆ.