ಪಾರ್ಕಿನ ರೇಡಿಯೋದಲ್ಲಿ ಜಮೀನ್ದಾರರ ಕೊಲೆ

ಕೊಲೆ ಕಥೆಯೊಂದನ್ನು ಸುಮ್ಮನೆ ಕೇಳಿ, ಸುಮ್ಮನೆ ಎದ್ದು ಹೋದ ಮನುಷ್ಯನನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಈಗ ನಮ್ಮ ಮನೆಯ ಟೀವಿಯಲ್ಲಿ ಅಂಥದ್ದೊಂದು ಬರುತ್ತಿದೆ. ನಡುಮನೆಯಲ್ಲಿ ಕೂತ ಐದು ಜನಕ್ಕೆ ಆರು ಅಭಿಪ್ರಾಯ. ಮೊನ್ನೆ ಮೊಮ್ಮಗಳು ನನ್ನ ಒಪೀನಿಯನ್ ಏನು ಅಂತ ಕೇಳಿದಳು. ಟೀವಿಯ ಹೆಸರೇ ಕೇಳದಿದ್ದ ಅರವತ್ತರ ದಶಕದ ಜಯನಗರದಲ್ಲಿ ಮುನ್ನೂರು ಜನರ ಒಪೀನಿಯನ್ ಕೇಳಿ ದಂಗಾಗಿ ಹೋದವನು ನಾನು.

ನಾನಾಗ ಪಾರ್ಕಿನಲ್ಲಿ ರೇಡಿಯೋ ಹಾಕುವವನು. ಮನೆಮನೆಗೆ ರೇಡಿಯೋ ಎಲ್ಲಿತ್ತು ಆಗ? ಪಾರ್ಕಿನ ನಡುವೆ ಒಂದು ಪುಟ್ಟ ಕಲ್ಲಿನ ರೂಮು, ಒಳಗೆ ರೇಡಿಯೋ, ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದ ಸ್ಪೀಕರು. ಸಂಜೆ ಐದೂವರೆಗೆ ಹಾಕಬೇಕು. ಅದು ವಾಲ್ವಿನ ರೇಡಿಯೋ, ಸ್ವಿಚ್ಚು ಒತ್ತಿದ ಕೂಡಲೇ ಮಾತಾಡುವ ಪೈಕಿ ಅಲ್ಲ. ಬಿಸಿಯಾಗಿ, ಗುಂಯ್‌ಗುಟ್ಟಿ, ಮನಸ್ಸು ಮಾಡಿ ಬಾಯಿ ಬಿಡಲು ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಏಳೂವರೆಗೆ ಸರಿಯಾಗಿ ಆರಿಸಬೇಕು. ತಡವಾದರೆ ಸೂಪರ್‌ವೈಸರ್ ಸಾಹೇಬರಿಂದ ಮೆಮೊ.

ನನ್ನದು ಕಾರ್ಪೊರೇಷನ್ನಿನಲ್ಲಿ ಟೆಂಪೊರರಿ ಕೆಲಸ. ಖಾಯಂ ಆದರೆ ಮಾತ್ರ ಮಗಳನ್ನು ಕೊಡುತ್ತೇನೆ ಎಂದು ಪಕ್ಕದ ಸಿದ್ದಾಪುರದ ನನ್ನ ಸೋದರಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಖಾಯಂ ಮಾಡುವ ಫೈಲು ಸೂಪರ್‌ವೈಸರ್ ಸಾಹೇಬರ ಮೇಜಿನ ಮೇಲಿತ್ತು. ಹಾಗಾಗಿ ಬೆಳಿಗ್ಗೆ ಎದ್ದರೆ ನಾನು ದೇವರಿಗಿಂತ ಮೊದಲು ಗಡಿಯಾರಕ್ಕೆ ಕೈ ಮುಗಿಯುತ್ತಿದ್ದೆ.

ಆ ವರ್ಷ ರೇಡಿಯೋದಲ್ಲಿ ಒಂದು ನಾಟಕ ಶುರುವಾಯಿತು. ಇಂಗ್ಲಿಷಿನ ಯಾವುದೋ ಹೆಸರಾಂತ ಕೊಲೆ ಕಥೆ, ಕನ್ನಡದ ಪಂಚೆ ಉಟ್ಟುಕೊಂಡು ಬಂದಿತ್ತು. ಎಂಟು ವಾರ, ಪ್ರತಿ ಶನಿವಾರ ಏಳರಿಂದ ಏಳೂವರೆ. ದೊಡ್ಡ ಬಂಗಲೆ, ಅದರಲ್ಲೊಬ್ಬ ಜಮೀನ್ದಾರರು. ಮನೆ ತುಂಬ ನೆಂಟರಿಷ್ಟರು ಇರುವಾಗ ಅವರು ಕಾಫಿ ಕುಡಿದವರೇ ಸತ್ತುಬೀಳುತ್ತಾರೆ. ಡಾಕ್ಟರು, ಅಣ್ಣನ ಮಗ, ವಿಧವೆ ತಂಗಿ, ಲಾಯರು, ಎಲ್ಲರ ಮೇಲೂ ಅನುಮಾನ. ಒಬ್ಬ ಪತ್ತೇದಾರ ಬರುತ್ತಾನೆ.

ಮೊದಲ ವಾರ ಮೂವತ್ತು ಜನ ಇದ್ದರು. ಮೂರನೇ ವಾರಕ್ಕೆ ಹುಲ್ಲು ಕಾಣದಷ್ಟು ಜನ. ಕಡಲೆಕಾಯಿ ಮಾರುವವನು ಏಳಕ್ಕೆ ತಾನಾಗಿ ಬುಟ್ಟಿ ಮುಚ್ಚುತ್ತಿದ್ದ, ಸಿಪ್ಪೆ ಒಡೆಯುವ ಸದ್ದು ಆಗಬಾರದೆಂದು. ಒಂದು ಪೆಟ್ಟಿಗೆಯೊಳಗಿನ ದನಿಗೆ ಅಷ್ಟು ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಯಾವ ಗೋತ್ರ?

ಜಮೀನ್ದಾರರು ಸತ್ತ ಶನಿವಾರ ನಾನು ಬೀಗ ಹಾಕುತ್ತಿದ್ದೆ. ನಾಲ್ಕನೇ ಬ್ಲಾಕಿನ ಅಜ್ಜಿಯೊಬ್ಬರು, ಬಹಳ ಮಡಿಯವರು, ಬಾಗಿಲಿಗೆ ಬಂದು ನಿಂತರು. ಹೋದವರದ್ದು ಯಾವ ಗೋತ್ರ ಎಂದು ಕೇಳಿದರು. ರೇಡಿಯೋದಲ್ಲಿ ಹೇಳಲಿಲ್ಲ ಅಜ್ಜಿ ಎಂದೆ. ತಮ್ಮ ಗೋತ್ರದವರೇ ಆಗಿದ್ದರೆ ಸೂತಕ ಬರುತ್ತದಲ್ಲ, ಏನು ಗತಿ ಎಂದರು. ಯಾವುದಕ್ಕೂ ಇರಲಿ ಎಂದು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರು. ಮುಂದಿನ ವಾರ ಅವರ ಸೊಸೆಯೇ ನನಗೆ ಹೇಳಿದ್ದು.

ಎರಡನೇ ವಾರ ಬಂಗಲೆಯಲ್ಲಿ ವಿಚಾರಣೆ ನಡೆಯಿತು. ಹೆಣ ಇನ್ನೂ ಮಹಡಿಯ ಮೇಲಿದೆ. ಕೆಳಗೆ ಪತ್ತೇದಾರನೂ ನೆಂಟರೂ ಕೂತು ಕಾಫಿ ಕುಡಿಯುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ. ಕಪ್ಪು ಬಸಿಯ ಸದ್ದು ಸ್ಪಷ್ಟವಾಗಿ ಕೇಳಿತು. ಇಂಗ್ಲಿಷಿನವರು ಬರೆದದ್ದನ್ನು ನಮ್ಮವರು ಹಾಗೇ ಇಳಿಸಿದ್ದರು ಎಂದು ಕಾಣುತ್ತದೆ. ಅಜ್ಜಿ ಕೈ ಬಾಯಿಯ ಮೇಲೆ ಇಟ್ಟುಕೊಂಡವರು ನಾಟಕ ಮುಗಿಯುವವರೆಗೂ ತೆಗೆಯಲಿಲ್ಲ.

ಯಾರು ಕೊಂದಿರಬಹುದು ಅಜ್ಜಿ ಎಂದು ನಾನೇ ಕೇಳಿದೆ.

"ಯಾರಾದ್ರೂ ಕೊಂದಿರಲಿ ಬಿಡಪ್ಪ, ಅದು ಆಮೇಲಿನ ಮಾತು. ಹೆಣ ಮನೇಲಿಟ್ಕೊಂಡು ಕಾಫಿ ಕುಡಿದ್ರಲ್ಲ, ಮೊದಲು ಅದಕ್ಕೆ ಎಲ್ಲರನ್ನೂ ಜೈಲಿಗೆ ಹಾಕಲಿ."

ದಫೇದಾರರ ಲೆಕ್ಕ

ಪೊಲೀಸಿನಲ್ಲಿ ದಫೇದಾರರಾಗಿ ರಿಟೈರ್ ಆದವರೊಬ್ಬರು ತಪ್ಪದೆ ಬರುತ್ತಿದ್ದರು. ಮೀಸೆ ಇನ್ನೂ ಸರ್ವಿಸಿನಲ್ಲೇ ಇತ್ತು. ಪತ್ತೇದಾರ ಸಿಗರೇಟಿನ ಬೂದಿ ನೋಡಿ, ಕೋಟಿನ ಗುಂಡಿ ನೋಡಿ, ಕಿಟಕಿಯ ಚಿಲಕ ನೋಡಿ ಒಂದೊಂದೇ ಎಳೆ ಬಿಡಿಸುವಾಗ ಜನ ಬೆರಗಾಗಿ ಕೇಳುತ್ತಿದ್ದರೆ ಇವರೊಬ್ಬರೇ ತಲೆ ಅಲ್ಲಾಡಿಸುತ್ತಿದ್ದರು. ಐದನೇ ವಾರ ಇನ್ನು ತಡೆಯಲಾಗದೆ ನನ್ನ ಹತ್ತಿರ ಬಂದರು. ಒಂದು ಕೊಲೆಗೆ ಎಂಟು ವಾರ ತೆಗೆದುಕೊಳ್ಳುವವನನ್ನು ತಮ್ಮ ಕಾಲದಲ್ಲಾಗಿದ್ದರೆ ಟ್ರಾಫಿಕ್ಕಿಗೆ ಹಾಕುತ್ತಿದ್ದರು ಎಂದರು. ತಮ್ಮ ಕೈಗೆ ಕೊಟ್ಟಿದ್ದರೆ ಅರ್ಧ ಗಂಟೆ ಸಾಕು ಎಂದರು.

ನನಗೆ ನಿಜವಾಗಿ ಭಕ್ತಿಯೇ ಬಂತು.

"ಕೊಂದವನನ್ನ ಅರ್ಧ ಗಂಟೇಲಿ ಹೇಗೆ ಕಂಡುಹಿಡೀತಿದ್ರಿ ಸಾರ್?"

"ಕಂಡುಹಿಡಿಯೋದು ಯಾಕಯ್ಯ? ಅವನೇ ಒಪ್ಕೊಳ್ತಿದ್ದ."

"ಯಾವನು ಸಾರ್?"

"ಮೊದಲು ಕೈಗೆ ಸಿಕ್ಕಿದವನು."

ಪಕ್ಕದ ಜಮೀನಿನವನು

ನನ್ನ ಸೋದರಮಾವ ಸಿದ್ದಾಪುರದಿಂದ ನಡೆದೇ ಬರುತ್ತಿದ್ದರು. ಅವರು ಕೂರುತ್ತಿದ್ದುದು ಒಂದೇ ಜಾಗ, ಹೊಂಗೆ ಮರದ ಎಡಕ್ಕೆ. ಬಡಾವಣೆ ಆಗುವ ಮುಂಚೆ ಅಲ್ಲಿ ಅವರ ರಾಗಿ ಕಣ ಇತ್ತಂತೆ. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಎದುರಿಗೆ ನಿಂತು ಕೆಮ್ಮುತ್ತಿದ್ದರು.

ರೇಡಿಯೋದವರ ಬುದ್ಧಿವಂತಿಕೆಯ ಬಗ್ಗೆ ಮಾವನಿಗೆ ಅಪಾರ ಗೌರವ. ಬಾಗಿಲು ಕಿರ್ರೆಂದರೆ ಹಿಂತಿರುಗಿ ನೋಡುತ್ತಿದ್ದರು. ಆದರೆ ಒಂದು ಕೊರಗಿತ್ತು. ಜಮೀನ್ದಾರರು ಅನ್ನುತ್ತಾರೆ, ಎಷ್ಟು ಎಕರೆ ಅಂತ ಹೇಳುವುದಿಲ್ಲ. ಮಳೆ ನಂಬಿದ ಖುಷ್ಕಿಯೋ ನೀರಾವರಿಯ ತರಿಯೋ ಗೊತ್ತಿಲ್ಲ. ಚೆಕ್ಕುಬಂದಿಯಂತೂ ಇಲ್ಲವೇ ಇಲ್ಲ. ಜಮೀನಿನ ನಾಲ್ಕು ಗಡಿಗೆ ಯಾರ್ಯಾರಿದ್ದಾರೆ ಎಂದು ತಿಳಿಯದೆ ಕೊಲೆಯ ವಿಚಾರ ಮಾತಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಲೋಕದಲ್ಲಿ ಬದುವಿನ ಜಗಳ ಇಲ್ಲದೆ ಕೊಲೆ ಆದದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಬರ್ಕೊ ಬೇಕಾದ್ರೆ. ಪಕ್ಕದ ಜಮೀನ್ನವನೇ ಕೊಂದಿರಾದು," ಎಂದರು ಆರನೇ ವಾರ.

"ಪಕ್ಕದ ಜಮೀನಿನವನು ನಾಟಕದಲ್ಲೇ ಇಲ್ವಲ್ಲ ಮಾವ. ಆರು ವಾರದಿಂದ ಒಂದು ಮಾತೂ ಆಡಿಲ್ಲ."

ಮಾವ ನನ್ನನ್ನು ಕರುಣೆಯಿಂದ ನೋಡಿದರು. ಇಂಥವನಿಗೆ ಮಗಳನ್ನು ಕೊಡುವುದೇ ಎಂಬ ಚಿಂತೆ ಅವರ ಮುಖದಲ್ಲಿ ಹಾದುಹೋಯಿತು.

"ಅದ್ಕೇ ಕಣ್ಲಾ ಹೇಳಾದು. ಅಷ್ಟು ಚೆನ್ನಾಗಿ ತಪ್ಪಿಸ್ಕೊಂಡವ್ನೆ."

ಏಳೂವರೆ

ಏಳನೇ ವಾರದ ಕೊನೆಯಲ್ಲಿ ರೇಡಿಯೋದವರು ಸಿಡಿಲಿನಂಥ ಸುದ್ದಿ ಹೇಳಿದರು. ಮುಂದಿನ ವಾರ ಕೊಲೆಗಾರ ಬಯಲಾಗುತ್ತಾನೆ, ಆ ಕಂತು ಮಾತ್ರ ಐದು ನಿಮಿಷ ಹೆಚ್ಚು. ಅಂದರೆ ಏಳು ಮೂವತ್ತೈದು.

ನಾನು ಆಫೀಸಿಗೆ ಹೋಗಿ ಸೂಪರ್‌ವೈಸರ್ ಸಾಹೇಬರ ಮುಂದೆ ಕೈ ಕಟ್ಟಿ ನಿಂತು ಐದೇ ಐದು ನಿಮಿಷ ಕೇಳಿದೆ. ರೂಲು ಅಂದರೆ ರೂಲು ಎಂದರು. ನಾನು ಕದ್ದುಮುಚ್ಚಿ ಆರಿಸದೆ ಬಿಡಬಹುದು ಎಂಬ ಅನುಮಾನದಿಂದ ಶನಿವಾರ ಖುದ್ದಾಗಿ ಬಂದು ನಿಲ್ಲುತ್ತೇನೆ ಎಂದೂ ಹೇಳಿದರು. ನನ್ನ ಫೈಲು ಅವರ ಮೊಣಕೈಯ ಕೆಳಗೇ ಇತ್ತು.

ಶನಿವಾರ ಬಂದರು. ಏಳೂವರೆಗೆ ಬಂದಿದ್ದರೆ ಸಾಕಿತ್ತು, ಆರೂವರೆಗೇ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ಹೊರಗೆ ಜನ ಬೇಲಿಯವರೆಗೂ ನಿಂತಿದ್ದರು. ಅಜ್ಜಿ ಮುಂದಿನ ಸಾಲು, ದಫೇದಾರರು ಅವರ ಹಿಂದೆ, ಮಾವ ತಮ್ಮ ಕಣದಲ್ಲಿ. ರೇಡಿಯೋದಲ್ಲಿ ಪತ್ತೇದಾರ ಎಲ್ಲರನ್ನೂ ಬಂಗಲೆಯ ಹಜಾರದಲ್ಲಿ ಕೂರಿಸಿ ಒಂದೊಂದೇ ಗಂಟು ಬಿಚ್ಚಿದ. ಏನು ದನಿ ಅದು! ನಾವೇ ವಿಷ ಹಾಕಿದೆವೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

"ಕೊಲೆಗಾರರು ಈ ಕೋಣೆಯಲ್ಲೇ ಇದ್ದಾರೆ," ಎಂದ ಪತ್ತೇದಾರ. "ಅವರ ಹೆಸರು..."

"ಏಳೂವರೆ. ಆರಿಸು," ಎಂದರು ಸಾಹೇಬರು.

ನಾನು ಅವರ ಮುಖ ನೋಡಿದೆ. ಮಾವನ ಮಗಳು ಕಣ್ಣ ಮುಂದೆ ಬಂದಳು. ಸ್ವಿಚ್ಚು ಆರಿಸಿದೆ.

ಬೈಗುಳ ಬರುತ್ತದೆ, ಕಲ್ಲು ಬರುತ್ತದೆ ಎಂದು ಕಾದೆ. ಏನೂ ಬರಲಿಲ್ಲ. ಮುನ್ನೂರು ಜನ ಸ್ಪೀಕರನ್ನೇ ನೋಡುತ್ತಾ ನಿಂತಿದ್ದರು. ಗರ್ಭಗುಡಿಯ ಪರದೆ ಈಗ ಸರಿಯುತ್ತದೆ ಎಂದು ಕಾಯುವ ಹಾಗೆ. ಹೀಗೇ ಎರಡು ನಿಮಿಷ ಹೋಯಿತು. ಸಾಹೇಬರು ಗಡಿಯಾರ ನೋಡಿದರು, ಜನರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಯಾರಂತಯ್ಯ?"

"ನೀವು ಆರಿಸು ಅಂದ್ರಲ್ಲ ಸಾರ್."

"ಹಾಕಯ್ಯ, ಹಾಕು ಬೇಗ."

ಹಾಕಿದೆ. ವಾಲ್ವು ಸಾಹೇಬರಿಗೂ ಹೆದರಲಿಲ್ಲ. ಮೆಲ್ಲಗೆ ಕೆಂಪಾಯಿತು, ಗುಂಯ್ ಎಂದಿತು. ಸಾಹೇಬರು ಎರಡೂ ಕೈಯಿಂದ ಪೆಟ್ಟಿಗೆಯನ್ನು ಸವರುತ್ತಿದ್ದರು. ಒಂದು ನಿಮಿಷದ ಮೇಲೆ ದನಿ ಬಂತು. ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪೊಲೀಸರ ಬೂಟು, ಜೀಪು ಹೊರಟ ಸದ್ದು, ಆಮೇಲೆ ವೀಣೆ. ನಾಟಕ ಮುಗಿಯಿತು.

ಜನ ನಿಧಾನವಾಗಿ ಚದುರಿದರು. ಅಚ್ಚರಿ ಎಂದರೆ, ಬೇಜಾರಾದವರು ಕಡಿಮೆ. ಜೀಪಿನ ಸದ್ದು ಕೇಳಿ ಎಲ್ಲರನ್ನೂ ಹತ್ತಿಸಿಕೊಂಡರು ಎಂದು ಅಜ್ಜಿಗೆ ಸಮಾಧಾನ. ಅತ್ತದ್ದು ಕೇಳಿ ಒಪ್ಪಿಕೊಂಡ ಎಂದು ದಫೇದಾರರಿಗೆ ಸಮಾಧಾನ. ಮಾವ ಟವೆಲು ಕೊಡವಿ, ತಾವು ಹೇಳಿರಲಿಲ್ಲವೇ ಎಂಬಂತೆ ನನ್ನ ಕಡೆ ನೋಡಿ ಹೊರಟರು.

ಸೋಮವಾರ ನನಗೆ ಮೆಮೊ ಬಂತು. ಅಲ್ಲೇ ನಿಂತು ಒಡೆದೆ. "ಕಳೆದ ಶನಿವಾರ ಸಂಜೆ ರೇಡಿಯೋ ನಿಲ್ಲಿಸಿ ಪುನಃ ಚಾಲೂ ಮಾಡುವುದರೊಳಗೆ ಬಯಲಾದ ಕೊಲೆಗಾರನ ವಿವರವನ್ನು ಮೂರು ದಿನದೊಳಗೆ ಲಿಖಿತ ಮೂಲಕ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಖಾಯಂ ಮಾಡುವ ವಿಷಯ ಪರಿಶೀಲಿಸಲಾಗುವುದಿಲ್ಲ." ಅಷ್ಟು ದೊಡ್ಡ ಆಫೀಸರು ನಾಟಕದ ವಿಷಯ ಬೀದಿಯಲ್ಲಿ ಕೇಳುವುದು ಹೇಗೆ? ಕೆಳಗಿನವನನ್ನಾದರೆ ರೂಲಿನ ಪ್ರಕಾರ ಕೇಳಬಹುದು.

ರೇಡಿಯೋ ಇದ್ದ ಮನೆಗಳಿಗೆ ಅಲೆದೆ. ಮೊದಲ ಮನೆಯಲ್ಲಿ ಡಾಕ್ಟರು ಎಂದರು. ಎರಡನೇ ಮನೆಯಲ್ಲಿ ತಂಗಿ ಎಂದು ಆಣೆ ಮಾಡಿದರು. ಹೆಸರು ಹೇಳುವ ಹೊತ್ತಿಗೆ ಎರಡೂ ಮನೆಯಲ್ಲಿ ಎಲ್ಲರೂ ತಂತಮ್ಮ ಊಹೆಯನ್ನು ಒಟ್ಟಿಗೆ ಕೂಗಿದ್ದರಂತೆ, ರೇಡಿಯೋ ಯಾರಿಗೂ ಕೇಳಿಸಿರಲಿಲ್ಲ. ಮೂಲ ಪುಸ್ತಕ ಓದಿದ್ದ ಇಂಗ್ಲಿಷ್ ಮೇಷ್ಟರ ಹತ್ತಿರ ಹೋದೆ. ಅದರಲ್ಲಿ ಪಾದ್ರಿ ಕೊಂದದ್ದು ಎಂದರು. ನಮ್ಮ ನಾಟಕದಲ್ಲಿ ಪಾದ್ರಿಯೇ ಇರಲಿಲ್ಲ.

ಮೂರನೇ ದಿನ ಬೇರೆ ದಾರಿ ಕಾಣದೆ, ಹೆಣ್ಣು ಕೊಡುವ ಮಾವನನ್ನೇ ನೆನೆದು, ಬಿಳಿ ಹಾಳೆಯ ಮೇಲೆ "ಪಕ್ಕದ ಜಮೀನಿನವನು" ಎಂದು ಬರೆದು ಕೆಳಗೆ ಸಹಿ ಹಾಕಿ ಕೊಟ್ಟೆ.

ಸಾಹೇಬರು ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಅವರು ಮೊಣಕೈಯ ಕೆಳಗಿನ ಫೈಲನ್ನು ಎಳೆದು, ಖಾಯಂ ಎಂದಿರುವಲ್ಲಿ ಸಹಿ ಮಾಡಿ, ಬ್ಲಾಟಿಂಗ್ ಪೇಪರು ಒತ್ತಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನನಗೂ ಮೊದಲನೇ ವಾರದಿಂದ ಅವನ ಮೇಲೇ ಡೌಟು ಇತ್ತು ಕಣಯ್ಯ."