ಬಾಗಿಲು ತೆಗೆದ ಫ್ರಿಜ್

ಈ ಫ್ರಿಜ್ ನಿಮ್ಮ ಮನೆ ಬಿಟ್ಟು ಹೋಗಕೂಡದು ಎಂದು ಮಾವನವರು ಬಹಳ ವರ್ಷಗಳ ಹಿಂದೆ ಹೇಳಿದ್ದರು. ಹೋಗುವುದಿಲ್ಲ ಎಂದು ಅಳಿಯ ಮಾತು ಕೊಟ್ಟಿದ್ದ. ಸಣ್ಣ ಮನೆಗೆ ಹೋಗುವಾಗ ಅವರು ಮಗಳಿಗೆ ಬಿಟ್ಟುಕೊಟ್ಟ ಫ್ರಿಜ್ ಅದು. ಆಗ ಫ್ರಿಜ್ಜೂ ಗಟ್ಟಿಯಾಗಿತ್ತು, ಅಳಿಯನೂ ಗಟ್ಟಿಯಾಗಿದ್ದ.

ಈಗ ಇಬ್ಬರಿಗೂ ವಯಸ್ಸಾಗಿತ್ತು. ಫ್ರಿಜ್ಜಿನಲ್ಲಿ ಹಾಲಿಟ್ಟರೆ ಮೊಸರಾಗುತ್ತಿತ್ತು, ಮೊಸರಿಟ್ಟರೆ ಕಲ್ಲಾಗುತ್ತಿತ್ತು. ಬಾಯಿ ಮುಕ್ಕಳಿಸುವ ಮುದುಕನ ಹಾಗೆ ಗಳಗಳ ಸದ್ದು ಮಾಡಿ, ಕೊನೆಗೊಮ್ಮೆ ಮೈ ಜಾಡಿಸಿ ಸುಮ್ಮನಾಗುತ್ತಿತ್ತು.

ಅಳಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಕಟ್ಟಡದವರೆಲ್ಲ ಅವನನ್ನು ಪ್ರೂಫ್ ಸಾರ್ ಎನ್ನುತ್ತಿದ್ದರು. ಹೆಂಡತಿ ಬಸ್ ಕಂಡಕ್ಟರ್. ಓವರ್‌ಟೈಮ್ ಮಾಡಿ ಮಾಡಿ ಒಂದು ಹೊಸ ಫ್ರಿಜ್ ಕೊಂಡಿದ್ದಳು. ಆ ದಿನ ಅದು ಬರುವುದಿತ್ತು. ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತ ಗಂಡನಿಗೆ ಅಪ್ಪಣೆ ಕೊಟ್ಟಳು.

"ನೋಡ್ರೀ, ಇಳಿಯೋರು ಇಳಿದ ಮೇಲೇ ಹತ್ತೋರು ಹತ್ತೋದು. ಹಳೇದು ಕಟ್ಟಡ ಬಿಟ್ಟು ಹೋಗೋ ತನಕ ಹೊಸದು ಒಳಗೆ ಬರಕೂಡದು. ಸಂಜೆ ನಾನೇ ಬಂದು ಒಳಗೆ ತಗೊಳ್ತೀನಿ."

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೀನಲ್ಲೇ."

"ಅಪ್ಪನಿಗೆ ನಾನು ಹೇಳ್ಕೋತೀನಿ. ಸಂಜೆ ನಾನು ಬಂದಾಗ ಹಳೇದು ಇಲ್ಲೇ ಇದ್ರೆ ಆಗಿಂದಲೇ ಅಡುಗೆಮನೆ ನಿಮ್ಮದು. ನಾನು ಅದರೊಳಗೆ ಕಾಲಿಡಲ್ಲ."

ಪ್ರೂಫ್ ಸಾರ್‌ಗೆ ಬರುತ್ತಿದ್ದ ಅಡುಗೆ ಎಂದರೆ ಬಿಸಿನೀರು. ಅದೂ ಒಮ್ಮೆ ಸೀದಿತ್ತು. ಅವನು ರಜೆ ಹಾಕಿ, ಹಳೆಯ ಯಂತ್ರಗಳನ್ನು ಕ್ರಮವಾಗಿ ಬಿಚ್ಚಿ ವಿಲೇವಾರಿ ಮಾಡುವ ಕೇಂದ್ರಕ್ಕೆ ಫೋನು ಮಾಡಿದ.

"ಗುಜರಿಯವರಿಗೆ ಮಾತ್ರ ಕೊಡಬೇಡಿ ಸಾರ್," ಎಂದಳು ಆ ಕಡೆಯ ಹೆಂಗಸು. "ಸುತ್ತಿಗೇಲಿ ಬಡಿದು ಒಳಗಿನ ಗ್ಯಾಸೆಲ್ಲ ಗಾಳಿಗೆ ಬಿಡ್ತಾರೆ. ನಮ್ಮ ವ್ಯಾನೇ ಬರುತ್ತೆ, ಹೊರಗೆ ತಂದಿಡಿ. ಆದ್ರೆ ಬಾಗಿಲು ಕಳಚಿರಬೇಕು. ಮಕ್ಕಳು ಆಟ ಆಡ್ತಾ ಒಳಗೆ ಕೂತು ಬಾಗಿಲು ಹಾಕ್ಕೊಂಡ್ರೆ ಉಸಿರುಕಟ್ಟುತ್ತೆ."

ಎದುರು ಮನೆಯ ಟೈಲರ್ ಒಂದು ಕೈ ಕೊಟ್ಟ. ಇಬ್ಬರೂ ಸೇರಿ ಫ್ರಿಜ್ಜನ್ನು ತಳ್ಳಿ ಹೊರಗಿನ ಮೊಗಸಾಲೆಗೆ ತಂದರು. ತಂದ ಮೇಲೆ ಟೈಲರ್ ಅದರ ಮೈ ಸವರಿದ.

"ಕೊಡೋದೇ ಆದ್ರೆ ನನಗೇ ಕೊಟ್ಬಿಡಿ ಸಾರ್. ಬಟ್ಟೆ ಇಡಕ್ಕೆ ಬೀರು ಆಗುತ್ತೆ."

"ಅದರೊಳಗೆ ಗ್ಯಾಸ್ ಇದೆಯಪ್ಪಾ."

"ನನ್ನ ಹೊಟ್ಟೇಲೂ ಇದೆ ಸಾರ್. ನನ್ನ ಯಾರಾದ್ರೂ ವ್ಯಾನಿಗೆ ಹಾಕಿದ್ರಾ?"

ಪ್ರೂಫ್ ಸಾರ್ ಬಾಗಿಲು ಕಳಚಲು ಸ್ಕ್ರೂಡ್ರೈವರ್ ತಂದ. ಅಷ್ಟರಲ್ಲಿ ಅಂಗಡಿಯ ಆಳುಗಳು ಹೊಸ ಫ್ರಿಜ್ಜನ್ನು ತಂದು, ಒಳಗೆ ಬಿಡುವಂತಿಲ್ಲ ಎಂದು ತಿಳಿದು, ಹಳೆಯದರ ಪಕ್ಕದಲ್ಲೇ ನಿಲ್ಲಿಸಿ, ರಟ್ಟು ಬಿಚ್ಚಿಕೊಂಡು ಹೋದರು. ಮೇಲ್ಮನೆಯ ಆಂಟಿ ನೋಡಲು ಇಳಿದು ಬಂದಳು. ಕಟ್ಟಡದಲ್ಲಿ ಏನೇ ಬಂದರೂ ಮೊದಲು ನೋಡಿ ಕೊರತೆ ಹೇಳುವುದು ಅವಳ ಜವಾಬ್ದಾರಿಯಾಗಿತ್ತು.

"ಏನು ಪ್ಲಾಸ್ಟಿಕ್ ವಾಸನೆ ಮಾರಾಯ್ರೆ! ಗಾಳಿ ಆಡದಿದ್ರೆ ನೀವಿಡೋ ಹಣ್ಣಿಗೂ ಇದೇ ವಾಸನೆ ಬರುತ್ತೆ," ಎಂದು ಹೊಸ ಫ್ರಿಜ್ಜಿನ ಬಾಗಿಲನ್ನು ಪೂರ್ತಿ ಎಳೆದು, ಮುಚ್ಚದಿರಲೆಂದು ಪ್ರೂಫ್ ಸಾರ್‌ನ ಒಂದು ಚಪ್ಪಲಿಯನ್ನು ಅಡ್ಡ ಇಟ್ಟಳು.

ಕೊನೆಯ ಸ್ಕ್ರೂ ಬಿಚ್ಚಿದಾಗ ಚಪ್ಪಲಿಯಿಲ್ಲದ ಆ ಕಾಲಿನ ಮೇಲೆಯೇ ಹಳೆಯ ಫ್ರಿಜ್ಜಿನ ಬಾಗಿಲು ಬಿತ್ತು. ತುಕ್ಕು ಹಿಡಿದ ಕೀಲು ಪಾದವನ್ನು ಕೊಯ್ದಿತು.

"ತುಕ್ಕು! ನಂಜಾಗುತ್ತೆ! ಇಂಜೆಕ್ಷನ್ ತಗೊಳ್ಳಿ!" ಎಂದು ಆಂಟಿ ಕೂಗಿದಳು. ಅವಳ ದನಿ ಕೇಳಿದರೆ ಸಂಜೆಯವರೆಗೆ ಬದುಕುವುದೇ ಅನುಮಾನ ಎನಿಸುತ್ತಿತ್ತು.

"ನೀವು ಹೋಗ್ಬನ್ನಿ ಸಾರ್, ನಾನಿಲ್ಲೇ ಇರ್ತೀನಿ," ಎಂದ ಟೈಲರ್. ಪ್ರೂಫ್ ಸಾರ್ ಕುಂಟುತ್ತ ಬೀದಿಯ ತುದಿಯ ಕ್ಲಿನಿಕ್ಕಿಗೆ ಹೋದ. ಅವನು ಮೆಟ್ಟಿಲಿಳಿಯುವ ಮೊದಲೇ ಟೈಲರ್ ಬಾಗಿಲಿಲ್ಲದ ಹಳೆಯ ಫ್ರಿಜ್ಜಿನಲ್ಲಿ ಅಳತೆ ನೋಡಲೆಂದು ನಾಲ್ಕು ಪ್ಯಾಂಟು ಜೋಡಿಸಿದ್ದ. ಅಳತೆ ಸರಿಯಾಗಿತ್ತು. ಉಳಿದವನ್ನೂ ಜೋಡಿಸಿದ.

ಕ್ಲಿನಿಕ್ಕಿನಲ್ಲಿ ಪ್ರೂಫ್ ಸಾರ್ ಬೋರಲು ಮಲಗಿದ್ದ. ನರ್ಸ್ ಸೂಜಿ ಎತ್ತಿದ್ದಳು. ಆಗ ಫೋನು ಬಂತು.

"ಸಾರ್, ನಾನು ವ್ಯಾನ್ ಡ್ರೈವರ್. ಇಲ್ಲಿ ಎರಡಿದಾವೆ. ಯಾವುದು ತಗೊಂಡು ಹೋಗೋದು?"

ಸೂಜಿ ಇಳಿಯಿತು.

"ಬಾಗಿಲು ತೆಗೆದಿರೋದು!" ಎಂದು ಪ್ರೂಫ್ ಸಾರ್ ಕಿರುಚಿದ. "ಅಯ್ಯಪ್ಪಾ! ಬಾಗಿಲು ತೆಗೆದಿರೋದು!"

ನರ್ಸ್ ಗಾಬರಿಯಿಂದ ತಿರುಗಿ ನೋಡಿದಳು. "ಬಾಗಿಲು ಹಾಕೇ ಇದೆ ಸಾರ್. ಯಾರೂ ನೋಡ್ತಿಲ್ಲ, ನಾಚ್ಕೋಬೇಡಿ."

ಅವನು ನಾಚಿಕೊಂಡಿರಲಿಲ್ಲ. ಕೆಲಸ ಮುಗಿಯಿತೆಂದು ಅವನಿಗೆ ನೆಮ್ಮದಿಯಾಗಿತ್ತು. ಆ ನೆಮ್ಮದಿಯಲ್ಲೇ ಅಲ್ಲಿ ಒಂದೆರಡು ಗಂಟೆ ನಿದ್ದೆ ತೆಗೆದು, ಕುಂಟುತ್ತ ಮನೆ ಸೇರಿದ. ಮೊಗಸಾಲೆಯಲ್ಲಿ ಪ್ಯಾಂಟು ತುಂಬಿದ ಹಳೆಯ ಫ್ರಿಜ್ ನಿಂತಿತ್ತು. ಅದರ ಪಕ್ಕದಲ್ಲಿ ಅವನ ಒಂದು ಚಪ್ಪಲಿ ಬಿದ್ದಿತ್ತು. ಬೇರೇನೂ ಇರಲಿಲ್ಲ.

"ಹೊಸದೆಲ್ಲಯ್ಯಾ?"

"ವ್ಯಾನಿನವರು ತಗೊಂಡು ಹೋದ್ರು ಸಾರ್."

"ನೀನು ನೋಡ್ತಾ ನಿಂತಿದ್ಯಾ?"

"ಎಲ್ಲಾದ್ರೂ ಉಂಟಾ ಸಾರ್? ನಾನೂ ಒಂದು ಕಡೆ ಹಿಡಿದೆ. ಅವರೇ ಹೇಳಿದ್ರು, ಬಾಗಿಲು ತೆಗೆದಿರೋದನ್ನ ತಗೊಂಡು ಹೋಗಿ ಅಂತ ಪ್ರೂಫ್ ಸಾರ್ ಹೇಳಿದ್ದಾರೆ ಅಂತ. ತೆಗೆದಿತ್ತಲ್ಲ, ಹೀಗೆ ಆ ಅಂತ. ಇದನ್ನ ಅವರು ನೋಡಿ, ಬೀರು ಚೆನ್ನಾಗಿದೆ ಅಂದ್ರು."

ಪ್ರೂಫ್ ಸಾರ್ ಅಲ್ಲೇ ಮೆಟ್ಟಿಲ ಮೇಲೆ ಕೂರಲು ಹೋಗಿ, ಇಂಜೆಕ್ಷನ್ ನೆನಪಾಗಿ ಎದ್ದು ನಿಂತ. ಡ್ರೈವರನಿಗೆ ಫೋನು ಮಾಡಿದ.

"ಅಣ್ಣಾ, ಅದು ಹೊಸದು! ವಾಪಸ್ ತನ್ನಿ!"

"ಅದೇ ನಾವೂ ಅಂದ್ಕೊಂಡ್ವಿ ಸಾರ್, ಎಂಥೆಂಥ ಮಾಲು ಎಸೀತಾರಪ್ಪಾ ಜನ ಅಂತ. ಈಗ ಕಷ್ಟ. ಬಂದ ತಕ್ಷಣ ವೈರು ಕತ್ತರಿಸಿ, ಗ್ಯಾಸ್ ಹೀರಿ, ಮೋಟರ್ ಬಿಚ್ಚಿ ಆಯ್ತು. ಒಂದು ತೊಟ್ಟೂ ಗಾಳಿಗೆ ಹೋಗಿಲ್ಲ, ಆ ಭಯ ಬೇಡ."

"ನಾನು ಬಾಗಿಲು ತೆಗೆದಿರೋದು ಅಂದಿದ್ದು ಕಳಚಿರೋದು ಅಂತ. ನೀವು ತೆರೆದಿರೋದು ಅಂತ ತಿಳ್ಕೊಂಡ್ರಾ?"

ಡ್ರೈವರ್ ಒಮ್ಮೆ ಹೋಗಿ ನೋಡಿ ಬಂದ. "ಈಗ ಎರಡೂ ಆಗಿದೆ ಸಾರ್."

ಸಂಜೆ ಹೆಂಡತಿ ಬಂದಳು. ಟಿಕೆಟ್ ಯಂತ್ರ ಹೆಗಲಿಂದ ಇಳಿಸದೆ ಎಲ್ಲವನ್ನೂ ನಿಂತೇ ಕೇಳಿದಳು. ಅವಳು ಹೊರಗಿಂದಲೇ ಕೈ ಚಾಚಿ ಅಡುಗೆಮನೆಯ ದೀಪ ಹಾಕಿ, ಬರುತ್ತ ತಂದಿದ್ದ ಹಾಲಿನ ಪೊಟ್ಟಣವನ್ನು ಅವನ ಕೈಗಿಟ್ಟಳು.

"ಒಲೆ ಎಡಗಡೆ ಇದೆ. ನನಗೆ ಹಸಿವಾಗ್ತಿದೆ," ಎಂದು ಹೇಳಿ ಕಾಲು ಚಾಚಿ ಕೂತಳು.

ಪ್ಯಾಂಟುಗಳನ್ನು ತೆಗೆಸಲು ಬಹಳ ಹೊತ್ತು ಹಿಡಿಯಿತು. ಟೈಲರ್ ಒಂದೊಂದನ್ನೂ ಮಗುವನ್ನೆತ್ತಿದಂತೆ ಎತ್ತಿದ. ಇಬ್ಬರೂ ಫ್ರಿಜ್ಜನ್ನು ಮತ್ತೆ ಒಳಗೆ ತಳ್ಳಿ, ಬಾಗಿಲು ಸಿಕ್ಕಿಸಿ, ಅದು ನಿಲ್ಲದೆ ಹೋದಾಗ ಟೈಲರ್ ಕೊಟ್ಟ ಅಗಲದ ಎಲಾಸ್ಟಿಕ್ ಸುತ್ತಿ ಬಿಗಿದರು. ಸ್ವಿಚ್ ಹಾಕಿದ ಮೇಲೆ ಅದು ಗಳಗಳ ಎಂದಿತು.

ಫ್ರಿಜ್ ಮನೆ ಬಿಟ್ಟು ಹೋಗಲಿಲ್ಲ. ಮಾವನವರಿಗೆ ಕೊಟ್ಟ ಮಾತು ಉಳಿಯಿತು.