ಹದಿನಾರು ಡಬ್ಬಿಯ ಪ್ರೊಸೆಸರು

"ಸೋಮವಾರದೊಳಗ ಒಂದು ಪ್ರೊಸೆಸರ್ ಮಾಡಿ ತೋರಸ್ತೇನಿ! ಇಲ್ಲಂದ್ರ ನನ್ನ ಹೆಸರು ನಿಜಗುಣಪ್ಪ ಅಲ್ಲ!"

ಬೈಲಹೊಂಗಲದಲ್ಲಿ ಹೊಸದಾಗಿ ಶುರುವಾಗಿದ್ದ ಡಿಪ್ಲೊಮಾ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಗುರುವಾರ ಚಹಾ ಬಂದ ಹೊತ್ತಿಗೆ ಸರಿಯಾಗಿ ಈ ಘೋಷಣೆ ಮೊಳಗಿತು. ಅದು ತೊಂಬತ್ತೆಂಟನೇ ಇಸವಿ. ಘೋಷಿಸಿದವರು ಕಂಪ್ಯೂಟರ್ ವಿಭಾಗದ ಏಕಮೇವಾದ್ವಿತೀಯ ಉಪನ್ಯಾಸಕ ನಿಜಗುಣಪ್ಪನವರು. ಪ್ರಿನ್ಸಿಪಾಲ್ ದುಂಡಪ್ಪನವರು ಬಶಿಯಲ್ಲಿದ್ದ ಚಹಾ ಸುರ್ರೆಂದು ಎಳೆದು ಹೇಳಿದರು: "ಹೆಸರು ಬದಲಿ ಮಾಡೂದು ಭಾಳ ತ್ರಾಸರಿ. ಕೋರ್ಟು, ಅಫಿಡವಿಟ್ಟು, ಪೇಪರ್ ಜಾಹೀರಾತು! ಅದಕಿಂತ ಪ್ರೊಸೆಸರ್ ಮಾಡಿಬಿಡ್ರಿ."

ನಗುವ ಮಾತಾದರೂ ನಗುವ ಸಂದರ್ಭವಲ್ಲ. ಸೋಮವಾರ ತಪಾಸಣೆಯ ಕಮಿಟಿ ಬರುವುದಿತ್ತು. ಎರಡನೇ ವರ್ಷದ ಹುಡುಗರು ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ಹೇಗೆ ಕೆಲಸ ಮಾಡುತ್ತದೆ ಎಂದು ಕೈಯಾರೆ ನಡೆಸಿ ಕಲಿಯಬೇಕು. ಅದಕ್ಕೆಂದು ಕಾಲೇಜಿನಲ್ಲಿ ಇದ್ದ ಒಂದೇ ಒಂದು ಪ್ರೊಸೆಸರ್ ಕಿಟ್ಟು ಮಳೆಗಾಲದಲ್ಲಿ ಬೂಷ್ಟು ಹಿಡಿದು ಕೆಟ್ಟು ಕೂತಿತ್ತು. ತೋರಿಸಲು ಏನೂ ಇಲ್ಲದಿದ್ದರೆ ವಿಭಾಗವೇ ಬಂದ್, ನಲವತ್ತು ಹುಡುಗರು ಬೇರೆ ಊರಿನ ಪಾಲು. ಸಂಗೊಳ್ಳಿಯಿಂದ, ಸುತ್ತಲ ಹಳ್ಳಿಗಳಿಂದ ಬಸ್ಸಿಗೆ ಜೋತುಬಿದ್ದು ಬರುವ ಹುಡುಗರು ಅವರು. ಆ ಮುಖಗಳು ನೆನಪಾಗಿ ನಿಜಗುಣಪ್ಪನಿಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ಜಂಬ ಕೊಚ್ಚುವುದು ಅವನ ಹುಟ್ಟುಗುಣ.

ಯೋಜನೆಯೇನೋ ಭವ್ಯವಾಗಿತ್ತು. ನಿಜವಾದ ಪ್ರೊಸೆಸರ್ ಇಲ್ಲದಿದ್ದರೇನಂತೆ? ಅದರಂತೆಯೇ ನಡೆದುಕೊಳ್ಳುವ ಒಂದು ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದರಾಯಿತು! ಮನೆಯ ಹಳೆಯ ಕಂಪ್ಯೂಟರಿಗೆ ಹೆಂಡತಿ ನಾಗರತ್ನಾ ಕಸೂತಿ ಹಾಕಿ ಹೊಲಿದಿದ್ದ ಗವಸು ತೆಗೆದು, ಕುಲದೇವರನ್ನು ನೆನೆದು ಕೂತ. ಹದಿನಾರು ಖಾನೆಗಳ ನೆನಪು, ಲೆಕ್ಕ ಮಾಡಲು ಒಂದು ಜಾಗ, ಈಗ ಯಾವ ಖಾನೆಯ ಸರದಿ ಎಂದು ತೋರಿಸಲು ಒಂದು ಬೆರಳು, ಐದಾರು ಆಜ್ಞೆಗಳು. ಶನಿವಾರ ಮಧ್ಯಾಹ್ನಕ್ಕೆ ಸೃಷ್ಟಿಕಾರ್ಯ ಮುಗಿಯಿತು. ಮೊದಲ ಪರೀಕ್ಷೆಗೆ ಎರಡು ಮತ್ತು ಮೂರನ್ನು ಕೂಡಿಸಲು ಹೇಳಿದ.

ಪರದೆಯ ಮೇಲೆ ಗೆರೆಯೊಂದು ಮಿಣಮಿಣ ಅಂದಿತು. ಅಷ್ಟೇ. ಐದೂ ಬರಲಿಲ್ಲ, ಆರೂ ಬರಲಿಲ್ಲ! ಮತ್ತೆ ಹಚ್ಚಿದ, ಮತ್ತೆ ಅದೇ. ಹದಿನೆಂಟನೇ ಸಲಕ್ಕೆ ಟೇಬಲ್ಲು ಗುದ್ದಿದ.

"ಮಷೀನ ಕೆಟ್ಟೈತಿ! ನಾ ಬರದದ್ದರಾಗ ಕೂದಲಷ್ಟೂ ತಪ್ಪಿಲ್ಲ!"

ಅಡುಗೆಮನೆಯಿಂದ ನಾಗರತ್ನಾ ಇಣುಕಿದಳು. "ಎರಡಕ್ಕ ಮೂರು ಕೂಡಿಸಾಕ ಎರಡು ದಿನಾ ಆತ್ರಿ? ಅದೇನು ಆಟ ಐತಿ, ನನಗರ ಹೇಳ್ರಿ. ನಾನs ಆಡಿ ನೋಡತೇನಿ."

ಹೇಳಿದರೆ ಹೆಂಡತಿಗೆ ತನ್ನ ವಿದ್ವತ್ತು ತಿಳಿದೀತು ಎಂದು ನಿಜಗುಣಪ್ಪನಿಗೆ ಹುರುಪು ಬಂತು. ಹಬ್ಬಕ್ಕೆಂದು ತೊಳೆದು ಒಣಗಿಸಿದ್ದ ಹದಿನಾರು ಡಬ್ಬಿಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಸುಣ್ಣದಿಂದ ನಂಬರು ಬರೆದ. ಮೊದಲನೆಯದು ಸೊನ್ನೆ.

"ಸೊನ್ನಿ ನಂಬರ ಅಂದ್ರ ಡಬ್ಬೀನs ಇಲ್ಲ ಅಂದಂಗಾತಲ್ರಿ?" ಅಂದಳು ನಾಗರತ್ನಾ.

"ಪ್ರೊಸೆಸರ್ ಪ್ರಶ್ನಿ ಕೇಳೂದಿಲ್ಲ!"

ಮಷೀನಿಗೆ ಕೊಟ್ಟಿದ್ದಂತೆಯೇ ನಾಲ್ಕು ಡಬ್ಬಿಗಳಿಗೆ ನಾಲ್ಕು ಚೀಟಿ ಬಿದ್ದವು. ಸೊನ್ನೆಯಲ್ಲಿ: ಎಂಟನೇ ಡಬ್ಬಿಯಲ್ಲಿ ಇರುವಷ್ಟು ತಗೋ. ಒಂದರಲ್ಲಿ: ಒಂಬತ್ತರಲ್ಲಿ ಇರುವಷ್ಟು ಕೂಡಿಸು. ಎರಡರಲ್ಲಿ: ಬಂದದ್ದನ್ನು ಮೂರನೇ ಡಬ್ಬಿಗೆ ಹಾಕು. ಮೂರರಲ್ಲಿ: ನಿಲ್ಲು. ಎಂಟರಲ್ಲಿ ಎರಡು ಬಟ್ಟಲು ಜೋಳ, ಒಂಬತ್ತರಲ್ಲಿ ಮೂರು ಬಟ್ಟಲು. ಲೆಕ್ಕ ಮಾಡುವ ಜಾಗಕ್ಕೆ ಪರಾತ, ಅಂದರೆ ಅಗಲವಾದ ದೊಡ್ಡ ತಾಟು; ಪಕ್ಕದಲ್ಲಿ ಜೋಳದ ಚೀಲ. ಮಷೀನಿನೊಳಗೆ ಆಜ್ಞೆಗಳೂ ಸಂಖ್ಯೆಗಳೇ, ಆದ್ದರಿಂದ ಚೀಟಿಯ ಬದಲು ಬರೀ ಸಂಖ್ಯೆ, ಅಂದರೆ ಇಷ್ಟು ಬಟ್ಟಲು ಜೋಳ, ಕಂಡರೆ ಏನು ಮಾಡಬೇಕು ಎಂಬ ಪಟ್ಟಿಯನ್ನೂ ಗೋಡೆಗೆ ಅಂಟಿಸಿದ: ನಾಲ್ಕು ಎಂದರೆ ನಿಲ್ಲು, ಐದು ಎಂದರೆ ಮೊದಲಿಗೆ ಹೋಗು, ಹೀಗೆ.

"ಎಂಟನೇದರಾಗಿಂದು ತಗೊಂಡ್ರ ಅದು ಖಾಲಿ ಆಕ್ಕೇತಿ."

"ಇಲ್ಲ, ಅದನ್ನ ಮುಟ್ಟಬ್ಯಾಡ. ಅಲ್ಲಿ ಎಷ್ಟೈತಿ ನೋಡಿ, ಅಷ್ಟು ಚೀಲದಾಗಿಂದ ಪರಾತಕ್ಕ ಹಾಕ್ಕೊ. ನೆನಪಿನಾಗಿಂದು ತಗೊಂಡ್ರ ಖಾಲಿ ಆಗೂದಿಲ್ಲ."

"ಅಯ್ಯ, ಇಂಥಾ ಡಬ್ಬಿ ಇತ್ತಂದ್ರ ಮದ್ಲs ಹೇಳಬಾರ್ದೇನ್ರಿ?"

ಬೆರಳಿನ ಹುದ್ದೆಗೆ ತಾಯಿ ಸಿದ್ದಲಿಂಗವ್ವನ ನೇಮಕವಾಯಿತು. ನಾಲ್ಕನೇ ಇಯತ್ತೆ ಪಾಸಾದ ಮುದುಕಿ ಕನ್ನಡಕ ಏರಿಸಿ, ಕೋಲು ಹಿಡಿದು, ಸೊನ್ನೆ ಡಬ್ಬಿಯ ಮುಂದೆ ಪೊಲೀಸ್ ಪಾಟೀಲರಂತೆ ನಿಂತಳು. ನಿಜಗುಣಪ್ಪ ಕೊನೆಯ ಶಾಸನ ಹೊರಡಿಸಿದ: "ಡಬ್ಬಿಗೆ ಹೊಸಾದು ಹಾಕೂ ಮುಂದ ಹಿಂದಿಂದು ಚೆಲ್ಲಬೇಕು. ನಿಲ್ಲು ಅಂತ ಬರೂತನಕಾ ನಿಲ್ಲಬಾರ್ದು. ಸಾಕ್ಷಾತ್ ಬ್ರಹ್ಮ ಬಂದ್ ಹೇಳಿದ್ರೂ ನಿಲ್ಲಬಾರ್ದು. ನಾ ಬಂದ್ ಹೇಳಿದ್ರೂ!"

ಇಷ್ಟು ಹೇಳಿ, ಅಡುಗೆಮನೆಯಲ್ಲಿ ಉತ್ತರ ಬರುವುದು ಖಾತ್ರಿಯೆಂದು, ಅವನು ಹೊರಕೋಣೆಗೆ ಹೋಗಿ ಮಷೀನಿನ ತಿರುಪು ಬಿಚ್ಚತೊಡಗಿದ.

ಅರ್ಧ ತಾಸಾಯಿತು. ಒಳಗಿನಿಂದ ಸುರಿಯುವ ಸಪ್ಪಳ, ಕೋಲಿನ ಸಪ್ಪಳ, ಅವ್ವನ "ಸೊನ್ನೀ... ಒಂದೂ... ಎರಡೂ... ಮೂರೂ..." ಲಯಬದ್ಧವಾಗಿ ಕೇಳುತ್ತಲೇ ಇತ್ತು. ಪಕ್ಕದ ಮನೆಯ ರಾಮವ್ವ ಬಾಗಿಲಲ್ಲಿ ನಿಂತು, "ಏನವ್ವಾ, ಕಣಾ ಮಾಡಾಕ ಹತ್ತೀರೇನು?" ಎಂದು ಕೇಳಿದ್ದೂ, ಒಳಗಿನಿಂದ, "ಮಾತಾಡಸಬ್ಯಾಡ, ಪ್ರೊಸೆಸರ್ ನಡದೈತಿ!" ಎಂದು ಸಿದ್ದಲಿಂಗವ್ವ ಗದರಿದ್ದೂ ಕೇಳಿಸಿತು. ಆಗ ನಿಜಗುಣಪ್ಪ ಗಡಿಯಾರ ನೋಡಿದ. ನಾಲ್ಕು ಚೀಟಿಗೆ ಅರ್ಧ ತಾಸೇ?

ಓಡಿಹೋಗಿ ನೋಡಿದರೆ ಅಡುಗೆಮನೆಯ ನೆಲ ಮಾಯ! ಎಲ್ಲೆಲ್ಲೂ ಜೋಳ! ಹಿತ್ತಲ ಬಾಗಿಲಿನಿಂದ ಗುಬ್ಬಿಗಳ ಸಂಸಾರವೊಂದು ಊಟಕ್ಕೆ ಬಂದಿತ್ತು. ಚೀಲ ಅರ್ಧಕ್ಕಿಳಿದಿತ್ತು. ನಾಗರತ್ನಾ ಸೆರಗು ಬಿಗಿದು, ಬೆವರಿಳಿಸುತ್ತ, ಮೂರನೇ ಡಬ್ಬಿಯ ಹಳೆಯ ಜೋಳವನ್ನು ನೆಲಕ್ಕೆ ಚೆಲ್ಲಿ ಪರಾತದ ಐದು ಬಟ್ಟಲು ಹೊಸ ಜೋಳ ಸುರಿಯುತ್ತಿದ್ದಳು.

"ಸಾಕು, ನಿಲ್ಲಸ್ರಿ ಯಪ್ಪಾ!" ಎಂದು ನಿಜಗುಣಪ್ಪ ಚೀರಿದ.

"ನೀವs ಹೇಳೀರಿ, ನೀವು ಬಂದ್ ಹೇಳಿದ್ರೂ ನಿಲ್ಲಬಾರ್ದಂತ," ಎಂದು ನಾಗರತ್ನಾ ಕೈ ನಿಲ್ಲಿಸದೆ ಹೇಳಿದಳು.

"ಸೊನ್ನೀ..." ಎಂದು ಸಿದ್ದಲಿಂಗವ್ವ ಮತ್ತೆ ಮೊದಲ ಡಬ್ಬಿಗೆ ಹೊರಟಳು.

ಅವನು ಎರಡೂ ಕೈ ಚಾಚಿ ಅಡ್ಡ ನಿಂತ. "ಮೂರರಾಗ ನಿಲ್ಲು ಅಂತ ಚೀಟಿ ಇಟ್ಟಿದ್ದೆನಲ್ಲ! ಅದೆಲ್ಲಿ ಹೋತು?"

ನಾಗರತ್ನಾ ಮೊದಲ ಸಲ ಪರಾತ ಕೆಳಗಿಟ್ಟಳು. "ಚೀಟಿ ಇಟ್ಟ ಡಬ್ಬಿಗೇನs ಜ್ವಾಳಾ ಹಾಕು ಅಂತ ಬರದೀರಿ. ಹಾಕೂ ಮುಂದ ಹಿಂದಿಂದು ಚೆಲ್ಲಬೇಕಂತ ನೀವs ಹೇಳೀರಿ. ಚೆಲ್ಲಿದೆ, ಚೀಟಿನೂ ಹೋತು. ಅಲ್ಲೆ ಉಳದದ್ದು ಐದು ಬಟ್ಟಲ. ಐದು ಅಂದ್ರ ಮೊದಲಿಗೆ ಹೋಗು ಅಂತ ಗ್ವಾಡಿ ಮ್ಯಾಲೈತಿ, ಅತ್ತಿ ಹೋದ್ರು. ಆವಾಗಿಂದ ತಿರಗಾಕ ಹತ್ತೇವಿ. ನಿಮ್ಮ ಮಷೀನೂ ಹಿಂಗs ತಿರಗಾಕ ಹತ್ತಿರಬೇಕ್ರಿ. ಪಾಪ, ಅದಕ್ಕ ಬಾಯಿಲ್ಲ."

ನಿಜಗುಣಪ್ಪ ಜೋಳದ ಮೇಲೆಯೇ ಕುಸಿದು ಕೂತ. ಕೊನೆಯ ಗಳಿಗೆಯಲ್ಲಿ 'ನಿಲ್ಲು' ಸೇರಿಸುವಾಗ ಉತ್ತರಕ್ಕೆಂದು ಇಟ್ಟಿದ್ದ ಖಾನೆಯಲ್ಲೇ ಅದನ್ನು ತುರುಕಿದ್ದು ಈಗ ನೆನಪಾಯಿತು! ಎರಡು ದಿನ ಪರದೆ ನೋಡಿದರೂ ತನಗೆ ಕಾಣದ್ದನ್ನು, ಸಿ ಭಾಷೆಯ ಒಂದಕ್ಷರ ಗೊತ್ತಿಲ್ಲದ ಇವಳು ಪರಾತ ಹಿಡಿದು ಕಂಡುಹಿಡಿದಿದ್ದಳು. ಅವಳನ್ನು ನೋಡಿ ಅವನಿಗೆ ಹೆಮ್ಮೆಯಾಯಿತು, ಕಣ್ಣು ತುಂಬಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಎದ್ದು ಹೋಗಿ, ಬಿಚ್ಚಿದ್ದ ತಿರುಪು ಬಿಗಿದು, ಪ್ರೋಗ್ರಾಮಿನಲ್ಲಿ ಉತ್ತರದ ಖಾನೆಯ ನಂಬರನ್ನು ಮೂರರ ಬದಲು ಹತ್ತು ಮಾಡಿದ. ಪರದೆಯ ಮೇಲೆ ಐದು ಬಂತು, ಮಷೀನು ತಣ್ಣಗೆ ನಿಂತಿತು.

ಸೋಮವಾರ, ಕಾಲೇಜಿಗೆ ಹೊತ್ತು ತಂದ ಆ ಮಷೀನಿಗೆ ಕಮಿಟಿಯ ಹಿರಿಯರೊಬ್ಬರು ಮೂರು ಲೆಕ್ಕ ಕೊಟ್ಟು ನೋಡಿದರು. ಮೂರೂ ಸರಿ! ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ, "ಉತ್ತರ ಹೋಗಿ ಆಜ್ಞೆಯ ಮೇಲೆಯೇ ಕೂತರೆ?" ಎಂದು ಕೇಳಿದರು.

"ಸರ್, ಜೋಳ ಚೆಲ್ಲತೈತ್ರಿ," ಎಂದುಬಿಟ್ಟ ನಿಜಗುಣಪ್ಪ. ಆಮೇಲೆ ಎಲ್ಲವನ್ನೂ ಹೇಳಲೇಬೇಕಾಯಿತು. ಹಿರಿಯರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು, "ನಲವತ್ತು ಹುಡುಗರೂ ಇಲ್ಲೇ ಇರಲಿ," ಎಂದು ಬರೆದರು. "ಆದರೆ ಮೊದಲ ಪಾಠ ನಿಮ್ಮ ಮನೆಯವರದು." ದುಂಡಪ್ಪನವರು ಅಲ್ಲೇ ಡೈರಿಯಲ್ಲಿ ತಾರೀಖು ಗುರುತು ಹಾಕಿಕೊಂಡರು.

ಸಂಜೆ ಪೇಡೆ ಹಿಡಿದು, ಎದೆಯುಬ್ಬಿಸಿ ಮನೆಗೆ ಬಂದರೆ, ಪಡಸಾಲೆಯ ನಡುವೆ ಗುಡಿಸಿ ತುಂಬಿಟ್ಟ ಜೋಳದ ಚೀಲ, ಒಂದು ಮೊರ, ಒಂದು ಮಣೆ. ಧೂಳು, ಕಸ, ಗುಬ್ಬಿಯ ಪುಕ್ಕ ಎಲ್ಲವೂ ಜೋಳದಲ್ಲಿ ಬೆರೆತಿದ್ದವು. ಸಿದ್ದಲಿಂಗವ್ವ ಕನ್ನಡಕ ಏರಿಸಿ ಎರಡು ಚೀಟಿ ಮುಂದೆ ಹಿಡಿದಳು. "ನಾನೂ ಒಂದು ಪ್ರೋಗ್ರಾಮ್ ಬರದೇನಿ ತಮ್ಮಾ. ನಡಸಿ ನೋಡು."

ಮೊದಲ ಚೀಟಿ: ಒಂದು ಬಟ್ಟಲ ಜ್ವಾಳಾ ಹಸನ ಮಾಡು. ಎರಡನೇ ಚೀಟಿ: ಮೊದಲಿಗೆ ಹೋಗು.

ನಿಜಗುಣಪ್ಪ ಹೆಂಡತಿಯ ಕಡೆ ನೋಡಿದ. ಅವಳು ಪೇಡೆ ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸಿಕ್ಕೇಬಿಟ್ಟಿತು ತಪ್ಪು ಎಂದು ಉಪನ್ಯಾಸಕರ ಧ್ವನಿ ಎತ್ತಿದ: "ಯವ್ವಾ, ನಿಲ್ಲು ಅನ್ನೂ ಚೀಟಿನs ಇಲ್ಲಲ್ಲ ಇದರಾಗ!"

"ಐತಿ ಮಗನ," ಅಂದಳು ಸಿದ್ದಲಿಂಗವ್ವ, ಮಣೆಯನ್ನು ಅವನತ್ತ ಸರಿಸುತ್ತ. "ಚೀಲದ ತಳದಾಗ ಇಟ್ಟೇನಿ."